ಗಂಧಕದ ಕೋಣೆಯ ಸಾಹೇಬ

ಕರೋನಾ ಮುಗಿದ ಮೇಲಿನ ಎರಡನೆಯ ಸೀಸನ್ನು. ಆಗ ನಾನು ಯಳವಿಯ ಹತ್ತಿರದ ಒಂದು ಬೇದಾಣಾ ಶೆಡ್ಡಿನಲ್ಲಿ ಹೆಂಗಸರ ಮುಕಾದಮಳಾಗಿದ್ದೆ. ಬೇದಾಣಾ ಎಂದರೆ ಒಣದ್ರಾಕ್ಷಿ. ಮುಕಾದಮ ಎಂದರೆ ಯಾರು ಯಾವ ಕೆಲಸಕ್ಕೆ ನಿಲ್ಲಬೇಕೆಂದು ಹೇಳುವವಳು, ಹಾಜರಿ ಹಾಕುವವಳು, ಎರಡೂ ಕಡೆಯ ಬೈಗುಳ ತಿನ್ನುವವಳು. ನನ್ನ ಕೈಕೆಳಗೆ ಹದಿನಾಲ್ಕು ಹೆಂಗಸರು. ನಾನು ಕಲಿತದ್ದು ಎರಡನೆಯ ಇಯತ್ತೆ. ಹಾಜರಿ ಪುಸ್ತಕದಲ್ಲಿ ಹೆಸರು ಬರೆಯಲು ಅಷ್ಟು ಸಾಕು. ಈಗ ಮೊಣಕಾಲು ಹೋಗಿ ಮನೆಯಲ್ಲಿದ್ದೇನೆ. ಆ ಶೆಡ್ಡಿನಲ್ಲಿ ಒಂದು ಹಾವು ಸತ್ತದ್ದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಹಾವು ಸತ್ತದ್ದಕ್ಕಲ್ಲ. ಸತ್ತ ಮೇಲೆ ಜನ ಆಡಿದ್ದಕ್ಕೆ.

ಮೊದಲು ಕೆಲಸ ಹೇಳುತ್ತೇನೆ. ದ್ರಾಕ್ಷಿಯನ್ನು ಔಷಧದ ನೀರಿನಲ್ಲಿ ಅದ್ದಿ, ಜಾಳಿಗೆಯ ರ‍್ಯಾಕಿನ ಮೇಲೆ ಹರವಿದರೆ ಎರಡು ವಾರದಲ್ಲಿ ಒಣಗುತ್ತದೆ. ಆಮೇಲೆ ಕಡ್ಡಿ ಬಿಡಿಸಿ ಆರಿಸಬೇಕು. ಪೇಟೆಯವರಿಗೆ ಬಂಗಾರದ ಬಣ್ಣದ್ದೇ ಬೇಕು. ಅದಕ್ಕಾಗಿ ಕ್ರೇಟುಗಳನ್ನು ಒಂದು ಕೋಣೆಯಲ್ಲಿ ಪೇರಿಸಿ, ತಗಡಿನ ಬುಟ್ಟಿಯಲ್ಲಿ ಗಂಧಕ ಸುಟ್ಟು, ಮೂರು ತಾಸು ಬಾಗಿಲು ಬಿಗಿಯುತ್ತಾರೆ. ಬಾಗಿಲು ತೆರೆದ ಕೂಡಲೇ ಒಳಗೆ ಹೊಕ್ಕು ಕ್ರೇಟು ಎಳೆಯುವವರು ಹೆಂಗಸರು. ಆ ಹೊಗೆ ಎದೆಗೆ ಇಳಿದರೆ ಒಳಗೆ ಹಸಿಮೆಣಸಿನಕಾಯಿ ಅರೆದ ಹಾಗಾಗುತ್ತದೆ. ಮೂಗಿಗೆ ಸೆರಗು ಕಟ್ಟಿಕೊಳ್ಳುತ್ತಿದ್ದೆವು. ಹೊಗೆ ಸೆರಗಿಗೆ ಹೆದರುವುದಿಲ್ಲ.

ಒಣದ್ರಾಕ್ಷಿ ಇದ್ದಲ್ಲಿ ಇಲಿ. ಇಲಿ ಇದ್ದಲ್ಲಿ ಹಾವು. ಗಂಧಕದ ಕೋಣೆಯ ಹಿಂದಿನ ಗೋಡೆಯ ಸಂದಿಯಲ್ಲಿ ಒಂದು ಕೇರೆ ಹಾವು ಬಂದು ಸೇರಿತು. ಆಳುದ್ದ ಇತ್ತು, ಕೇರೆಗೆ ವಿಷವಿಲ್ಲ. ದಿನಕ್ಕೊಮ್ಮೆ ಶೆಡ್ಡಿನ ಆ ತುದಿಯಿಂದ ಈ ತುದಿಗೆ ತಪಾಸಣೆಗೆ ಬಂದ ಅಧಿಕಾರಿಯ ಹಾಗೆ ಸರಿದು ಹೋಗುತ್ತಿತ್ತು. ಹೆಂಗಸರು ಅದಕ್ಕೆ ಸಾಹೇಬ ಎಂದು ಹೆಸರಿಟ್ಟರು. "ಏ, ಕಾಲ ಮಡಚ್ರೆ, ಸಾಹೇಬ್ರು ರೌಂಡಿಗೆ ಬಂದ್ರು!" ಎಂದು ಒಬ್ಬಳು ಕೂಗಿದರೆ ಎಲ್ಲರೂ ಕಾಲು ಮೇಲೆ ತೆಗೆದುಕೊಂಡು ಆರಿಸುವ ಕೆಲಸ ಮುಂದುವರಿಸುತ್ತಿದ್ದರು. ನಾನು ಒಡೆದ ಗಡಿಗೆಯ ತಳದಲ್ಲಿ ನೀರಿಡುತ್ತಿದ್ದೆ. ಬೇಸಿಗೆಯಲ್ಲಿ ನನ್ನ ಕಾಲಿನ ಪಕ್ಕದಲ್ಲೇ ಬಂದು ಕುಡಿದು ಹೋಗುತ್ತಿತ್ತು. ಹೀಗೆ ಐದು ವರ್ಷ. ಅದಕ್ಕೆ ನನ್ನ ಮೇಲೆ ಪ್ರೀತಿ ಇತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ಹಾವಿಗೆ ಇರುವುದು ಹಸಿವು. ಆ ಹಸಿವು ನಮಗೆ ಬೇಕಾಗಿತ್ತು.

ಮಾಲಕನಿಗೆ ಮಾತ್ರ ಅದು ದೇವರು. ಸೋಮವಾರಕ್ಕೊಮ್ಮೆ ಸಂದಿಯ ಮುಂದೆ ಊದುಬತ್ತಿ ಹಚ್ಚುತ್ತಿದ್ದ.

ಹೊಗೆಯ ಮಾತನ್ನು ನಾನು ಅವನಿಗೆ ಮೂರು ಸಲ ಹೇಳಿದ್ದೆ. "ಬಾಗಲಾ ತಗದು ಹೊಗಿ ಹೋಗೂತನಾ ತಡೀರಿ ಮಾಲಕರ. ಹೆಣ್ಮಕ್ಕಳು ಕೆಮ್ಮಿ ಕೆಮ್ಮಿ ಸಾಯಾಕತ್ತಾರ." ಮೂರು ಸಲವೂ ಒಂದೇ ಉತ್ತರ: "ಗಾಡಿ ನಿಂತಾವ ಗಂಗವ್ವ, ಹೊತ್ತ ಹೋಕ್ಕೈತಿ." ನಾಲ್ಕನೆಯ ಸಲ ನಾನು ಹೊಗೆ ಬಿಟ್ಟು ಹಾವು ಹಿಡಿದೆ. "ಅಲ್ಲಿ ನಾಗಪ್ಪ ಅಡ್ಡಾಡ್ತಾನ್ರಿ. ಹೊರಗಾದಾಕಿ ಆ ಕ್ವಾಣ್ಯಾಗ ಹೊಕ್ಕರ ಚಲೋ ಆಗೂದಿಲ್ಲ" ಎಂದೆ. ಹೊರಗಾಗುವುದೆಂದರೆ ತಿಂಗಳ ಮುಟ್ಟು. ಮಾಲಕ ಎರಡೂ ಕೆನ್ನೆ ಬಡಿದುಕೊಂಡ. "ಛೀ ಛೀ, ಕಳಸಬ್ಯಾಡ ಮಾರಾಯ್ತಿ, ಯಾರನ್ನೂ ಕಳಸಬ್ಯಾಡ!"

ಅವತ್ತಿನಿಂದ ಪ್ರತಿಯೊಬ್ಬ ಹೆಂಗಸಿಗೂ ತಿಂಗಳಿಗೆ ನಾಲ್ಕು ದಿನ ಆ ಹೊಗೆಯಿಂದ ಬಿಡುಗಡೆ. ಹೊರಗಿನ ಗಾಳಿಯಲ್ಲಿ ಕುಳಿತು ಕಡ್ಡಿ ಬಿಡಿಸುವುದಷ್ಟೇ. ಸುಲೋಚನಾ ಎಂಬುವಳಿಗೆ ತಿಂಗಳಿಗೆ ಎರಡು ಸಲ ಮುಟ್ಟು ಬರತೊಡಗಿತು. ನಾನು ಕೇಳಲಿಲ್ಲ. ಈ ನೇಮ ನಾನೇ ಹುಟ್ಟಿಸಿದ್ದು ಎಂದೂ ಯಾರಿಗೂ ಹೇಳಲಿಲ್ಲ. ನನ್ನ ಜಾಣತನಕ್ಕೆ ನಾನೇ ಒಳಗೊಳಗೆ ಹಿಗ್ಗಿದ್ದೆ.

ನಾನು ಮೊದಲು ಹೇಳಿದ ಸೀಸನ್ನಿನ ಮಾರ್ಚ್ ತಿಂಗಳು. ಇಬ್ಬರು ಕೆಲಸಕ್ಕೆ ಬಂದಿರಲಿಲ್ಲ, ಗಾಡಿ ಬಾಗಿಲಿಗೆ ಬಂದು ನಿಂತಿತ್ತು. ಕುಣಿಕೋಣೂರದ ಮಾಯವ್ವ ಆ ಸೀಸನ್ನಿಗೆ ಹೊಸದಾಗಿ ಸೇರಿದವಳು, ಕುರಿ ಕಾಯುವವರ ಮನೆಯ ಸೊಸೆ, ಮಾತು ಕಡಿಮೆ. ಅವಳಿಗೆ ಗಂಧಕದ ಕೋಣೆಗೆ ಹೋಗು ಎಂದೆ. "ಗಂಗಕ್ಕಾ, ನಾ ಇವತ್ತ..." ಎಂದು ಶುರು ಮಾಡಿದಳು. "ನೆಪಾ ಹೇಳಬ್ಯಾಡ, ನಡಿ ಲಗೂನ" ಎಂದು ಅವಳ ಬಾಯಿ ಮುಚ್ಚಿಸಿದೆ. ಹೋದಳು. ಕ್ರೇಟು ಎಳೆದು, ಕಣ್ಣು ಕೆಂಪು ಮಾಡಿಕೊಂಡು ಹೊರಗೆ ಬಂದಳು. ಅದೇ ದಿನ ಇಳಿಹೊತ್ತಿನಲ್ಲಿ ಸಾಹೇಬ ಬಂದು ನೀರು ಕುಡಿದು ಹೋದದ್ದನ್ನು ನಾನೇ ನೋಡಿದ್ದೇನೆ.

ಮರುದಿನ ಬೆಳಿಗ್ಗೆ ಅದು ಗಡಿಗೆಯ ತಳದ ಪಕ್ಕದಲ್ಲಿ ಹಗ್ಗದ ಹಾಗೆ ನೆಟ್ಟಗೆ ಬಿದ್ದಿತ್ತು. ಕೋಲಿನಿಂದ ಹೊರಳಿಸಿದೆ. ಗಾಯವಿಲ್ಲ, ಹೊಟ್ಟೆ ಉಬ್ಬಿಲ್ಲ, ಬಾಯಿ ಸ್ವಲ್ಪ ತೆರೆದಿತ್ತು. ಮುಂಗುಸಿ ಕಚ್ಚಿದ್ದಲ್ಲ, ಯಾರೂ ಹೊಡೆದದ್ದಲ್ಲ. ಗಡಿಗೆಯಲ್ಲಿ ನೀರು ಇನ್ನೂ ಇತ್ತು.

ಮಾಲಕ ಬಂದ. ಬಂದವನೇ ತಲೆಯ ಮೇಲೆ ಕೈಯಿಟ್ಟುಕೊಂಡ. "ಯಾರ ಮಾಡಿದ್ರು ಇದನ್ನ?" ಏನಾಯಿತು ಎಂದು ಕೇಳಲಿಲ್ಲ ನೋಡಿ. ಯಾರು ಎಂದೇ ಕೇಳಿದ. ಹಾಗೆ ಕೇಳಿದರೆ ಉತ್ತರಕ್ಕೆ ಒಂದು ಹೆಸರೇ ಬರುತ್ತದೆ.

ಹೆಸರು ಕೊಟ್ಟವಳು ಸುಲೋಚನಾ. "ಮಾಯವ್ವ ನಿನ್ನೆ ಹೊರಗಿದ್ಲ್ರಿ. ಹೊರಗಿದ್ದಾಕಿ ಗಂಧಕದ ಕ್ವಾಣ್ಯಾಗ ಹೊಕ್ಕಿದ್ಲು. ಖರೇ ಸುಳ್ಳ ಆಕಿನ್ನ ಕೇಳ್ರಿ."

"ಗುಡ್ಡಾಪುರದ ದಾನಮ್ಮನ ಆಣಿ ಮಾಡಿ ಹೇಳು. ಹೌದೋ ಅಲ್ಲೋ?" ಎಂದ ಮಾಲಕ, ಮಾಯವ್ವನ ಕಡೆ ತಿರುಗಿ.

"ಹೌದ್ರಿ" ಎಂದಳು ಮಾಯವ್ವ. ಗಂಗಕ್ಕ ಕಳಿಸಿದಳು ಎಂಬ ಮಾತು ಅವಳ ಬಾಯಿಂದ ಬರಲಿಲ್ಲ. ನನ್ನ ಮುಖವನ್ನೊಮ್ಮೆ ನೋಡಿದಳು, ಅಷ್ಟೇ.

"ಸರ್ಪನ್ನ ಕೊಂದಾಕಿ ನನ್ನ ಜಾಗಾದಾಗ ನಿಲ್ಲಬ್ಯಾಡ. ನಡಿ ಮನಿಗೆ."

ಇದು ಒಂದು ಶೆಡ್ಡಿನ ಮಾತಾಗಿ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಹಾವು ಕೊಂದವಳು ಎಂದು ಹೆಸರು ಬಿದ್ದರೆ ನಮ್ಮ ಭಾಗದ ಯಾವ ಶೆಡ್ಡೂ, ಯಾವ ತೋಟವೂ ಅವಳನ್ನು ಒಳಗೆ ಬಿಡುವುದಿಲ್ಲ. ಮುಂದೆ ಅವಳ ಮನೆಯಲ್ಲಿ ಒಂದು ಕುರಿ ಸತ್ತರೂ ಅವಳ ಮೇಲೆಯೇ ಬರುತ್ತದೆ.

ಅಷ್ಟರಲ್ಲಿ ಮಾಲಕನ ಎಮ್ಮೆ ನೋಡಲು ದನದ ಡಾಕ್ಟರು ಬಂದರು. ನಾನೇ ಕರೆದುಕೊಂಡು ಬಂದು ಹಾವು ತೋರಿಸಿದೆ. ಅವರು ಕುಕ್ಕರಗಾಲಿನಲ್ಲಿ ಕುಳಿತು ಬಹಳ ಹೊತ್ತು ನೋಡಿದರು. "ಮ್ಯಾಲೆ ನೋಡಿ ಹೇಳಾಕ ಬರೂದಿಲ್ಲ. ಕೊಯ್ದು ಲ್ಯಾಬಿಗೆ ಕಳಸಿದ್ರ ಏನರೆ ತಿಳೀಬಹುದು. ಈಗಂತೂ ಕಾರಣ ನನಗ ಗೊತ್ತಿಲ್ಲ" ಎಂದರು. ಎದ್ದು ಕೈ ತೊಳೆಯುತ್ತ, "ಇಲ್ಲಿ ಗಂಧಕಾ ಸುಡ್ತೀರೇನು? ಹೊಗಿ ಎತ್ತಾಗ ಹೋಕ್ಕೈತಿ?" ಎಂದು ಕೇಳಿದರು.

ಮಾಲಕ ಎರಡನೆಯ ಮಾತು ಕೇಳಿಸಿಕೊಳ್ಳಲೇ ಇಲ್ಲ. "ದೇವರನ್ನ ಕೊಯ್ಯೂದಾ ಡಾಕ್ಟರ?" ಎಂದ. ಹೊಸ ಬಟ್ಟೆ, ತುಪ್ಪ, ಗಂಧದ ಚಕ್ಕೆ ತರಲು ಆಳು ಓಡಿಸಿದ. ಹಿಂದಿನ ವರ್ಷ ಇದೇ ಕೋಣೆಯಿಂದ ಹೊರಬಂದ ಹೆಂಗಸೊಬ್ಬಳು ಕೆಮ್ಮಿ ರಕ್ತ ಉಗುಳಿದಾಗ ಇದೇ ಮನುಷ್ಯ ಒಂದು ಲಿಂಬೆಹಣ್ಣು ಕೊಟ್ಟು ಮನೆಗೆ ಕಳಿಸಿದ್ದ. ಆ ತುಪ್ಪದ ಡಬ್ಬಿ ಬಂದದ್ದನ್ನು ನೋಡಿದಾಗ ನನ್ನ ತಲೆ ಕೆಟ್ಟಿತು.

ಬಾಯಿ ಬಿಟ್ಟರೆ ಹದಿನಾಲ್ಕು ಜನರ ನಾಲ್ಕು ದಿನ ಹೋಗುತ್ತವೆ. ಬಿಡದಿದ್ದರೆ ಒಬ್ಬಳು ಹೋಗುತ್ತಾಳೆ. ಮಾಯವ್ವ ಆಗಲೇ ಬುತ್ತಿಯ ಗಂಟು ಎತ್ತಿಕೊಂಡಿದ್ದಳು.

"ಮಾಲಕರ, ಆ ನೇಮಾ ದೇವ್ರದಲ್ಲ. ನಂದು" ಎಂದೆ.

"ಅಂದ್ರ?"

"ನಾನ ಹುಟ್ಟಿಸಿದ್ದು. ಹೊಗಿ ಅಂದ್ರ ನೀವ ಕೇಳಲಿಲ್ಲ, ಹಾವು ಅಂದ್ರ ಕೇಳಿದ್ರಿ. ಮಾಯವ್ವನ್ನ ಒಳಗ ಅಟ್ಟಿದಾಕಿನೂ ನಾನ. ಆಕಿ ಹೇಳಾಕ ಬಂದ್ಲು, ನಾ ಬಿಡಲಿಲ್ಲ. ಹೊರಗ ಹಾಕೂದಿದ್ರ ನನ್ನ ಹಾಕ್ರಿ."

"ಇಷ್ಟ ವರ್ಷ ನನಗ ಸುಳ್ಳ ಹೇಳೀದಿ?"

"ಹೌದ್ರಿ. ಖರೇನ ಮೂರ ಸಲ ಹೇಳಿದ್ದೆ. ಅದು ನಿಮ್ಮ ಕಿವಿಗೆ ಬೀಳಲಿಲ್ಲ."

ಹಿಂದಿನಿಂದ ಸುಲೋಚನಾ ಚೀರಿದಳು: "ಈ ಮುದುಕಿ ನಮ್ಮೆಲ್ಲಾರ ಬಾಯಾಗ ಮಣ್ಣ ಹಾಕಿದ್ಲಲ್ರೇ! ನಮ್ಮ ನಾಕ ದಿನಾ ಹೋದುವು!"

"ನಿನ್ನವು ನಾಕಲ್ಲ ತಂಗಿ, ಎಂಟ ಹೋದುವು" ಎಂದೆ. ಆ ಹೊತ್ತಿನಲ್ಲೂ ಹೆಂಗಸರು ನಕ್ಕರು. ಮಾಯವ್ವ ನಗಲಿಲ್ಲ. ಬುತ್ತಿಯ ಗಂಟನ್ನು ಮತ್ತೆ ಗೂಟಕ್ಕೆ ಸಿಕ್ಕಿಸಿದಳು.

ಮಾಲಕ ನನ್ನನ್ನು ತೆಗೆದುಹಾಕಲಿಲ್ಲ. ಒಳ್ಳೆಯತನ ಎಂದುಕೊಳ್ಳಬೇಡಿ. ಸೀಸನ್ನು ಅರ್ಧಕ್ಕೆ ಬಂದಿತ್ತು. ನಾನು ಹೋದರೆ ಹದಿನಾಲ್ಕೂ ಜನ ಹೋಗುತ್ತಾರೆ, ನನ್ನನ್ನು ಬೈಯುತ್ತಲೇ ಸುಲೋಚನಾ ಕೂಡ ಹೋಗುತ್ತಾಳೆ ಎಂದು ಅವನಿಗೆ ಗೊತ್ತಿತ್ತು. ಹಾವನ್ನು ತುಪ್ಪ ಸುರಿದು ಸುಟ್ಟ. ನೇಮವೂ ಅದರ ಜೊತೆ ಸುಟ್ಟಿತು. "ಇನ್ನ ಎಲ್ಲಾರೂ, ಎಲ್ಲಾ ದಿನಾನೂ ಒಳಗ ಹೋಗಬೇಕು" ಎಂದ.

ಮರುದಿನ ಗಂಧಕದ ಕೋಣೆಯ ಬಾಗಿಲು ತೆರೆದರು. "ಹೂಂ, ಎಳೀರಿ" ಎಂದ ಮಾಲಕ. ನಾನು ಹೋಗಿ ಹೊಸ್ತಿಲಲ್ಲಿ ನಿಂತೆ, ಎರಡೂ ಕೈ ಚೌಕಟ್ಟಿಗೆ ಚಾಚಿ. "ನನ್ನ ಕಣ್ಣಾಗಿನ ನೀರ ನಿಲ್ಲೂತನಾ ಯಾರೂ ಒಳಗ ಹೋಗಂಗಿಲ್ಲ" ಎಂದೆ. ಗಾಡಿಯವನು ಹಾರ್ನು ಹೊಡೆದ. ಮಾಲಕ ನನ್ನ ಹುಟ್ಟನ್ನೆಲ್ಲ ಎತ್ತಿ ಆಡಿದ. ಮೊದಲು ಮಾಯವ್ವ ಕುಳಿತಳು, ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಅರ್ಧ ತಾಸು. ಕಣ್ಣು ಉರಿಯುವುದು ನಿಂತಿತು, ನಾನು ಪಕ್ಕಕ್ಕೆ ಸರಿದೆ. ಮಾಲಕ ಅಷ್ಟರಲ್ಲಿ ಬೈದು ಬೈದು ದಣಿದು ಚಹಾ ಕುಡಿಯಲು ಹೋಗಿದ್ದ. ಗಾಡಿ ಅವತ್ತೇ ಹೋಯಿತು. ಆಕಾಶವೇನೂ ಕಳಚಿ ಬೀಳಲಿಲ್ಲ. ಕೆಲಸ ಬಿಡುವವರೆಗೆ ಪ್ರತಿ ಸಲ ಹಾಗೆಯೇ ನಿಂತೆ.

ಒಂದು ತಿಂಗಳಲ್ಲಿ ಇಲಿಗಳು ತಿರುಗಿ ಬಂದವು. ಮಾಲಕ ಅಂಟಿನ ಹಲಗೆ ತಂದಿಟ್ಟ. ಇಲಿಗಿಂತ ಹೆಚ್ಚು ಹೆಂಗಸರ ಸೀರೆಯ ಅಂಚು ಸಿಕ್ಕಿತು. ಬೇರೆ ಹಾವು ಬರಲಿಲ್ಲ.

ಸಾಹೇಬ ಯಾತಕ್ಕೆ ಸತ್ತ? ಹೊಗೆ ಇರಬಹುದು. ಯಾರದೋ ಹೊಲದಲ್ಲಿ ವಿಷ ತಿಂದ ಇಲಿಯನ್ನು ನುಂಗಿರಬಹುದು. ವಯಸ್ಸಾಗಿರಬಹುದು. ನನಗೆ ಗೊತ್ತಿಲ್ಲ. ಡಾಕ್ಟರು ಕೊಯ್ದು ನೋಡಬಹುದು ಎಂದರು, ಮಾಲಕ ನೋಡಗೊಡಲಿಲ್ಲ. ಕಲಿತ ಆ ಮನುಷ್ಯ ಗೊತ್ತಿಲ್ಲ ಎಂದದ್ದಕ್ಕೆ ಅವರ ಮೇಲೆ ನನಗೆ ಮರ್ಯಾದೆ ಇದೆ. ಉಳಿದವರಿಗೆ ಆ ಒಂದು ಮಾತು ನಾಲಿಗೆಗೆ ಬಾರದೆ ಒಬ್ಬ ಹೆಂಗಸಿನ ಹೆಸರು ಬಂತು.

ಆದರೆ ಆ ಬೆಂಕಿಗೆ ಕಟ್ಟಿಗೆ ಕಡಿದಿಟ್ಟವಳು ನಾನೇ. ಬಾಗಿಲಲ್ಲಿ ನಿಲ್ಲುವುದನ್ನು ಮೊದಲನೆಯ ವರ್ಷವೇ ಮಾಡಬಹುದಿತ್ತು. ಅರ್ಧ ತಾಸಿನ ಕೆಲಸ. ಅಷ್ಟು ಧೈರ್ಯ ಸಾಲದೆ ಇಲಿ ತಿನ್ನುವ ಒಂದು ಹಾವನ್ನು ನಾನೂ ದೇವರು ಮಾಡಿ ಅದರ ಹಿಂದೆ ಅಡಗಿ ಕುಳಿತಿದ್ದೆ.