ದೋಣಿ ಮಣೆಯೊಳಗೆ ತುಂಬಿದ್ದು

ಥರ್ಮಾಕೋಲ್ ಅಂದ್ರೆ ನನಗೆ ಈಗಲೂ ಮೈಯೆಲ್ಲ ಉರೀತದೆ. ಟಿ.ವಿ. ಡಬ್ಬದಲ್ಲಿ ಬರೋ ಆ ಬಿಳಿ ದರಿದ್ರವನ್ನ ನಮ್ಮಣ್ಣ ತನ್ನ ದೋಣಿಗೆ ತುಂಬಿದ್ದ. ಅದೂ ನಮ್ಮತ್ತಿಗೆ ಕೂರೋ ಮಣೆಯೊಳಕ್ಕೆ.

ಅವರಿಬ್ಬರೂ ಗೊರೂರಿನ ಹಿನ್ನೀರಲ್ಲಿ ಮೀನು ಹಿಡಿಯೋರು. ಅಣ್ಣ ಹುಟ್ಟು ಹಾಕ್ತಾನೆ, ಅತ್ತಿಗೆ ಬಲೆ ಬಿಡ್ತಾಳೆ. ಮದುವೆಯಾಗಿ ಬಂದಾಗಿನಿಂದ ನೀರಿನ ಮೇಲೇ ಇದ್ರೂ ಅವಳಿಗೆ ಈಜು ಬರಲ್ಲ. ನಾನು ಹಾಸನದಲ್ಲಿ ಫೈಬರ್ ಕೆಲಸ ಮಾಡೋನು. ನೀರಿನ ಟ್ಯಾಂಕು, ಬಸ್ಸಿನ ಬಂಪರು, ಒಡೆದದ್ದನ್ನೆಲ್ಲ ಮೆತ್ತಿ ಕೊಡ್ತೀನಿ.

ಅಣ್ಣಂದು ಫೈಬರ್ ದೋಣಿ, ಮರದ್ದಲ್ಲ. ನೀರು ತುಂಬಿದ್ರೆ ಸೀದಾ ತಳಕ್ಕೆ. ಅದಕ್ಕೇ ಮಣೆ ಕೆಳಗಿನ ಪೆಟ್ಟಿಗೆಗೆ ಫೋಮು ತುಂಬೋದು. ಮುಳುಗಿದ್ರೂ ಅಂಚಾದ್ರೂ ಮೇಲಿರಬೇಕು, ಹಿಡ್ಕೊಂಡೋರು ಉಳೀಬೇಕು. ಹಾಸಿಗೆ ಅಂಗಡಿ ಸ್ಪಂಜು ಆಗಲ್ಲ, ನೀರು ಕುಡಿದು ಭಾರ ಆಗ್ತದೆ. ಎರಡು ಡಬ್ಬದ ದ್ರವ ಬೆರೆಸಿ ಸುರಿದ್ರೆ ಉಬ್ಬಿ ಗಟ್ಟಿಯಾಗೋ ಫೋಮು ಬೇಕು. ಅದರ ಗುಳ್ಳೆ ಒಂದೊಂದೂ ಮುಚ್ಕೊಂಡಿರ್ತದೆ. ಥರ್ಮಾಕೋಲೂ ತೇಲ್ತದೆ, ಇಲ್ಲ ಅನ್ನಲ್ಲ. ಆದ್ರೆ ಫೈಬರ್ ಮೆತ್ತೋ ನಮ್ಮ ಅಂಟು, ರೆಸಿನ್, ತಾಗಿದ್ರೆ ಬಿಸಿ ಅನ್ನದ ಮೇಲಿನ ತುಪ್ಪದಂಗೆ ಕರಗೋಗ್ತದೆ. ನಮ್ಮ ಕಸುಬಿನ ಮೊದಲನೇ ಪಾಠ ಅದು.

ಹೋದ ವರ್ಷ ದೋಣಿ ನೀರೊಳಗಿನ ಮರದ ಬುಡಕ್ಕೆ ಹೊಡೆದು ಮಣೆ ಸೀಳಿತ್ತು. ಅಣ್ಣ ತಾನೇ ರಿಪೇರಿ ಮಾಡ್ಕೊಂಡಿದ್ದ. ಆಯುಧಪೂಜೆ ಕಳೆದ ವಾರಕ್ಕೆ ನಾನು ಹೋದೆ. ದೋಣಿ ಮೂತಿಗೆ ಅರಿಶಿನ ಕುಂಕುಮ, ಬಾಡಿದ ಚೆಂಡುಹೂವಿನ ಹಾರ. ಸುಮ್ನೆ ಮಣೆ ಮೇಲೆ ಬೆರಳು ಮಡಿಚಿ ಬಡಿದೆ. ಖಾಲಿ ಕೊಡದ ಸದ್ದು. ಬಲೆ ಹಗ್ಗ ಕಟ್ಟಾಕೆ ಅಂತ ಎರಡು ತೂತು ಬೇರೆ ಕೊರೆದಿದ್ದ ಪುಣ್ಯಾತ್ಮ.

"ಒಳಗೇನು ತುಂಬಿದ್ದೀಯ?" ಅಂದೆ.

"ಥರ್ಮಾಕೋಲು. ಒತ್ತೊತ್ತಿ ತುಂಬಿ ಮೇಲೆ ರೆಸಿನ್ ಚೆನ್ನಾಗಿ ಸುರ್ದಿದೀನಿ ಕಣ್ಲಾ, ಅಲ್ಲಾಡಲ್ಲ."

ನನಗೆ ನೆತ್ತಿಗೇರ್ತು. "ನಿನ್ ತಲೇಲಿ ಏನೈತೆ ಅಣ್ಣಾ? ಕೊಯ್ದು ತೆಗೀತೀನಿ, ಸರಿ ಆ ಕಡೆ" ಅಂತ ಮೆಷಿನ್ ತಗೊಂಡೆ. ಅವನು ಅಡ್ಡ ನಿಂತ. "ಲೇ, ಪೂಜೆ ಮಾಡಿ ಬೂದುಗುಂಬಳ ಒಡ್ದಿದೀನಿ. ಇನ್ನು ಅದ್ರ ಮ್ಯಾಲೆ ಕಬ್ಬಿಣ ಇಕ್ಕಂಗಿಲ್ಲ. ಬರೋ ವರ್ಷ ನೋಡಾನ." ಬರೋ ವರ್ಷವಂತೆ! ಹೆಂಡತಿ ಅಷ್ಟು ದಿನ ಇರಬೇಕಲ್ಲ ಅಂತ ಬಾಯಿಗೆ ಬಂದಿತ್ತು, ನುಂಗ್ಕೊಂಡೆ.

ತೇಲ್ತದೋ ಮುಳುಗ್ತದೋ ಅವನೇ ನೋಡ್ಲಿ ಅಂತ ದೋಣಿಯನ್ನ ಎದೆಮಟ್ಟದ ನೀರಿಗೆ ಎಳ್ಕೊಂಡು ಹೋಗಿ ಬಕೀಟಲ್ಲಿ ನೀರು ಹುಯ್ದೆ. ಅಂಚು ನೀರಿಗೆ ಸಮ ಆಯ್ತು. ಆ ಎರಡು ತೂತಿನಿಂದ ಬುಳುಬುಳು ಗುಳ್ಳೆ ಎದ್ದವು. ದೋಣಿ ಒಂದು ಮಗ್ಗುಲಿಗೆ ವಾಲಿ ಅರಿಶಿನ ಕುಂಕುಮದ ಸಮೇತ ತಳಕ್ಕೆ ಇಳೀತು. ನೀರಿನ ಮೇಲೆ ಬರೀ ಹೂವಿನ ಹಾರ ಉಳೀತು.

ಅತ್ತಿಗೆ ದಡದಲ್ಲಿ ಬಲೆ ಬಿಡಿಸ್ತಾ ಕೂತಿದ್ದೋಳು ಎದ್ದು ನಿಂತ್ಲು. ಸೆರಗು ಬಾಯಿಗೆ ಹೋಯ್ತು. ಅಣ್ಣ ಮುಖ ತಿರುಗಿಸ್ಕೊಂಡ.

"ನೋಡ್ದ್ಯಾ? ಕಂಡ್ಯಾ? ಅವ್ಳನ್ನ ಕೂರ್ಸ್ಕೊಂಡು ನಡುನೀರಿಗೆ ಓಗ್ತಿದ್ಯಲ್ಲೋ!" ಅಂತ ಕಿರುಚಿದೆ. ಅಣ್ಣನಿಗೆ 'ಲೋ' ಅಂದಿದ್ದು ಅದೇ ಮೊದಲು.

ಅಣ್ಣ ಮೆಲ್ಲಗೆ ಅಂದ: "ಮಣೆ ಸೀಳ್ದಾಗ ನಿಂಗೆ ಫೋನ್ ಮಾಡಿದ್ನಲ್ಲಾ. ಏನ್ ತುಂಬಾನ ಅಂತ ಕೇಳ್ದೆ. ಹಗುರ ಇರೋದು ಏನಾದ್ರೂ ತುಂಬ್ಬುಡು, ಕೆಲ್ಸದಲ್ಲಿದೀನಿ ಅಂತ ನೀನೇ ಅಂದೆ."

ಅಂದಿದ್ದೆ. ಚನ್ನರಾಯಪಟ್ಟಣದಲ್ಲಿ ಟ್ಯಾಂಕಿನ ಮೇಲೆ ನಿಂತು, ಕಿವಿಗೂ ಭುಜಕ್ಕೂ ಫೋನು ಸಿಕ್ಕಿಸ್ಕೊಂಡು, ಅವನ ಮಾತು ಪೂರ್ತಿ ಕೇಳದೇ ಅಂದಿದ್ದೆ. ಆದ್ರೂ ಸಿಟ್ಟು ಇಳೀಲಿಲ್ಲ, ಅದಕ್ಕೆ ಹೋಗಾಕೆ ನನ್ನ ಬಿಟ್ರೆ ಬೇರೆ ಜಾಗ ಇರಲಿಲ್ಲ ಅಷ್ಟೆ.

ಮೂರು ಜನ ಸೇರಿ ದೋಣಿ ಎಳೆದು ದಡಕ್ಕೆ ಹಾಕಿದ್ವಿ. ಪೂಜೆ ಗೀಜೆ ಅಂತ ಅಣ್ಣ ಇನ್ನೊಂದು ಮಾತಾಡಲಿಲ್ಲ. ಮಣೆ ಕೊಯ್ದೆ. ಒಳಗೆ ಥರ್ಮಾಕೋಲೆಲ್ಲ ಕರಗಿ ಮೂಲೇಲಿ ಒಂದು ಹಿಡಿ ಹಳದಿ ಗಂಟಾಗಿ ಗಟ್ಟಿಯಾಗಿ ಕೂತಿತ್ತು. ಅತ್ತಿಗೆ ಅದನ್ನ ಕೈಗೆ ತಗೊಂಡು ತಿರುಗಿಸಿ ತಿರುಗಿಸಿ ನೋಡಿದ್ಲು. ಅಣ್ಣನ ಕಡೆ ತಿರುಗಲೇ ಇಲ್ಲ.

"ಅವ್ರಿಗೆ ಗೊತ್ತಿರ್ಲಿಲ್ಲ ಕಣಪ್ಪ" ಅಂತ ಅದನ್ನ ನನ್ನ ಅಂಗೈಗೆ ಇಟ್ಟಳು. "ನಿಂಗೆ ಗೊತ್ತಿತ್ತಲ್ಲ."