ಜರಡಿ ಬಿಚ್ಚಿದ ಕೈ

೧೯೬೧ರಲ್ಲಿ ನಾನು ಚಿಂತಾಮಣಿಯ ಒಂದು ಖಾಸಗಿ ಬಸ್ ಕಂಪನಿಯಲ್ಲಿ ಹೆಡ್ ಮೆಕ್ಯಾನಿಕ್. ನಮ್ಮದೊಂದು ಬಸ್ಸು ಬೆಳಿಗ್ಗೆ ಹೊರಟು, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಹಾದು, ಗೌರಿಬಿದನೂರಿನ ರೈಲಿಗೆ ಜನರನ್ನು ಮುಟ್ಟಿಸಬೇಕಿತ್ತು. ಅದರ ಡ್ರೈವರ್ ಖಾದರ್ ಸಾಬ್. ಹನ್ನೆರಡು ವರ್ಷದ ಸರ್ವಿಸಿನಲ್ಲಿ ಒಂದು ಕೋಳಿಯನ್ನೂ ತುಳಿಸದ ಮನುಷ್ಯ. ಅಂಥವನ ಲೈಸೆನ್ಸ್ ಕಿತ್ತುಕೊಳ್ಳಲು ಹೊರಟಿದ್ದನ್ನು ನೆನೆದರೆ ಇಂದಿಗೂ ನನ್ನ ಮೈ ಉರಿಯುತ್ತದೆ.

ನಮ್ಮ ಸೀಮೆಯಲ್ಲಿ ಹುರುಳಿ ಕೊಯ್ಲಾದ ಮೇಲೆ ರೈತರು ಬಳ್ಳಿಯನ್ನು ಟಾರು ರಸ್ತೆಯ ಮೇಲೇ ಹರಡುತ್ತಾರೆ. ಬಸ್ಸು, ಲಾರಿಗಳ ಚಕ್ರವೇ ಅವರಿಗೆ ಕಾಳು ಬಿಡಿಸುವ ರೋಣಗಲ್ಲು. "ಇನ್ನೊಂದ್ ಕಿತ ತುಳಿಸ್ಕೊಂಡು ಹೋಗಣ್ಣಾ" ಎಂದು ಹೆಂಗಸರು ಕೈಬೀಸಿ ಕೇಳುವುದೂ ಇತ್ತು. ಅವರನ್ನು ನಾನು ದೂರುವುದಿಲ್ಲ. ಆದರೆ ಹಾಗೆ ತುಳಿದಾಗ ಏಳುವ ಹೊಟ್ಟು ಎಲ್ಲಿಗೆ ಹೋಗುತ್ತದೆ ಎಂಬುದು ಮೆಕ್ಯಾನಿಕ್‌ಗೆ ಗೊತ್ತಿರಬೇಕು. ಎಂಜಿನ್ನಿನ ಬಿಸಿನೀರನ್ನು ತಣಿಸುವುದು ಮುಂದಿರುವ ರೇಡಿಯೇಟರ್. ಅದರ ತೆಳು ತಗಡಿನ ಸಂದುಗಳಲ್ಲಿ ಗಾಳಿ ಆಡಬೇಕು. ಫ್ಯಾನು ಗಾಳಿಯ ಜೊತೆ ಹೊಟ್ಟನ್ನೂ ಎಳೆದುಕೊಂಡರೆ ಸಂದುಗಳು ಮುಚ್ಚಿ ನೀರು ಕುದಿಯುತ್ತದೆ. ಇದರ ಮೇಲೆ ರಸ್ತೆಯ ಜಲ್ಲಿಕಲ್ಲು ಸಿಡಿದು ತಗಡನ್ನು ಬಗ್ಗಿಸುವುದು ಬೇರೆ.

ಹಿಂದಿನ ವರ್ಷ ನಾನೇ ಇದಕ್ಕೊಂದು ಉಪಾಯ ಮಾಡಿದ್ದೆ. ಪೇಟೆಯಿಂದ ಕಾಳು ಜರಡಿ ಹಿಡಿಯುವ ತಂತಿಬಲೆ ತಂದು, ಕಬ್ಬಿಣದ ಚೌಕಟ್ಟು ಕಟ್ಟಿ, ರೇಡಿಯೇಟರಿನ ಮುಂದೆ ಕೊಕ್ಕೆಗೆ ಸಿಕ್ಕಿಸಿದ್ದೆ. ಖಾದರ್ ಸಾಬ್ ಪ್ರತಿ ನಿಲ್ದಾಣದಲ್ಲೂ ಇಳಿದು, ಅದನ್ನು ಬಿಡಿಸಿ, ನೆಲಕ್ಕೆ ಎರಡು ಸಲ ಕುಟ್ಟಿ ಹೊಟ್ಟು ಉದುರಿಸಿ, ಮತ್ತೆ ಸಿಕ್ಕಿಸುತ್ತಿದ್ದ. ಆ ಸುಗ್ಗಿಯೆಲ್ಲ ಒಮ್ಮೆಯೂ ನೀರು ಕುದಿಯಲಿಲ್ಲ.

ಜನ ನಗದೆ ಇರುತ್ತಾರೆಯೇ? "ಜರಡಿ ಬಸ್ಸು ಬಂತು, ರಾಗಿ ತನ್ರಮ್ಮೋ" ಎಂದು ಶಿಡ್ಲಘಟ್ಟದ ಸ್ಟ್ಯಾಂಡಿನಲ್ಲಿ ಕೂಗುತ್ತಿದ್ದರು. ಖಾದರ್ ಸಾಬ್ ತಾನೂ ನಗುತ್ತಿದ್ದ. ಮಾಲೀಕರಿಗೆ ಮಾತ್ರ ನಗು ಬರಲಿಲ್ಲ. ಅರವತ್ತೊಂದರಲ್ಲಿ ಮಗಳ ಮದುವೆಗೆಂದು ಬಸ್ಸಿಗೆ ಹೊಸ ಬಣ್ಣ ಹೊಡೆಸಿದ್ದರು. ಬೀಗರು ಯಾರೋ ಆಡಿಕೊಂಡರಂತೆ. ಮಾರನೆಯ ದಿನವೇ ವರ್ಕ್‌ಶಾಪಿಗೆ ಬಂದು, "ಬಿಚ್ಚಿ ಬಿಸಾಕಯ್ಯ ಅದನ್ನ, ನಮ್ದೇನ್ ಬಸ್ಸಾ, ಹಿಟ್ಟಿನ ಗಿರಣೀನಾ?" ಎಂದರು. ಆ ವರ್ಷದ ಹುರುಳಿ ಕೊಯ್ಲು ಆಗಲೇ ಶುರುವಾಗಿತ್ತು. ಅದು ನನಗೆ ಗೊತ್ತಿತ್ತು. ಆದರೂ ಬಾಯಿ ಬಿಡದೆ ಬಿಚ್ಚಿದೆ.

ಎಂಟನೆಯ ದಿನ, ಚಿಕ್ಕಬಳ್ಳಾಪುರ ದಾಟಿದ ಮೇಲೆ, ಎಂಜಿನ್ ಜಾಮ್ ಆಗಿ ಬಸ್ಸು ನಡುರಸ್ತೆಯಲ್ಲಿ ನಿಂತಿತು. ನಾನು ಲಾರಿ ತೆಗೆದುಕೊಂಡು ಹೋದಾಗ ಖಾದರ್ ಸಾಬ್ ಬಂಪರಿನ ಮೇಲೆ ಕುಳಿತಿದ್ದ. ಕೈಯಲ್ಲಿ ಕಡ್ಡಿ ಪೊರಕೆ.

"ಎರಡ್ ಕಡೆ ನಿಲ್ಸಿ ನೀರು ಹಾಕ್ದೆ ಮೇಸ್ತ್ರಿ. ಪೊರಕೆಲಿ ಗುಡಿಸ್ದೆ. ಮೂರ್ನೇ ಸಲ ನಿಲ್ಸಿದ್ರೆ ರೈಲು ತಪ್ಪೋಗ್ತಿತ್ತು. ಲೇಟಾಗಿದ್ದಕ್ಕೆ ಮೊನ್ನೇನೇ ಮೆಮೋ ಕೊಟ್ಟವ್ರೆ."

ಮರುದಿನ ಮಾಲೀಕರು ನನ್ನನ್ನು ಆಫೀಸಿಗೆ ಕರೆಸಿದರು. ಕಂಪನಿಯ ಪಾಲುದಾರರಿಗೆ ಉತ್ತರ ಹೇಳಲು ಅವರಿಗೊಬ್ಬ ಅಪರಾಧಿ ಬೇಕಿತ್ತು. ವರದಿ ಆಗಲೇ ಟೈಪಾಗಿತ್ತು: ಡ್ರೈವರ್ ನೀರು ಹಾಕದೆ ನಿರ್ಲಕ್ಷ್ಯದಿಂದ ಓಡಿಸಿದ್ದರಿಂದ ಎಂಜಿನ್ ಕೆಟ್ಟಿದೆ, ಅವನ ಲೈಸೆನ್ಸ್ ರದ್ದು ಮಾಡಬೇಕು. ಕೆಳಗೆ ನನ್ನ ರುಜು ಬಿದ್ದರೆ ಅದು ಸಾರಿಗೆ ಅಧಿಕಾರಿಗಳ ಕೈಗೆ ಹೋಗುತ್ತಿತ್ತು. ಖಾದರ್ ಸಾಬ್ ಗೋಡೆಗೆ ಒರಗಿ ನಿಂತಿದ್ದ. ಮಾಡದ ತಪ್ಪಿಗೆ ತಲೆ ತಗ್ಗಿಸಿದ್ದ.

ನಾನು ವರ್ಕ್‌ಶಾಪಿಗೆ ಹೋಗಿ, ಕಳಚಿಟ್ಟಿದ್ದ ರೇಡಿಯೇಟರನ್ನು ಹೊತ್ತು ತಂದು ಮಾಲೀಕರ ಮೇಜಿನ ಮೇಲಿಟ್ಟು, ಅಂಗೈಯಿಂದ ಬಡಿದೆ. ಹೊಟ್ಟು ಉದುರಿತು. ಜೊತೆಗೆ ನಾಲ್ಕಾರು ಹುರುಳಿ ಕಾಳೂ ಉರುಳಿದವು.

"ಹೊಟ್ಟು ತುಂಬಿದ್ರೆ ಅವ್ನು ನೋಡ್ಕೋಬೇಕಿತ್ತು" ಎಂದರು ಮಾಲೀಕರು, ಕಾಳುಗಳನ್ನು ಕೈಯಿಂದ ಸರಿಸುತ್ತಾ.

ಆನೆಗೆ ಅಂಕುಶ ಹಾಕಬಹುದು, ಅಹಂಕಾರಕ್ಕೆ ಹಾಕುವುದು ಹೇಗೆ? ಪೆನ್ನು ತೆಗೆದುಕೊಂಡು ಟೈಪಾದ ಸಾಲುಗಳನ್ನು ಹೊಡೆದು ಹಾಕಿದೆ. ಕೆಳಗೆ ನನ್ನ ಕೈಬರಹದಲ್ಲೇ ಬರೆದೆ: "ರೇಡಿಯೇಟರಿಗೆ ರಕ್ಷಣೆಯಾಗಿದ್ದ ಜರಡಿಯನ್ನು ಮಾಲೀಕರ ಅಪ್ಪಣೆಯಂತೆ ನಾನು ಬಿಚ್ಚಿದೆ. ಹುರುಳಿ ಕಾಲವೆಂದು ಗೊತ್ತಿದ್ದೂ ಬಿಚ್ಚಿದೆ. ತಪ್ಪು ಡ್ರೈವರ್‌ನದಲ್ಲ." ರುಜು ಹಾಕಿ ಅವರ ಕಡೆಗೆ ತಳ್ಳಿ, "ಈಗ ಕಳ್ಸಿ ಸ್ವಾಮಿ, ನಿಮ್ದೂ ನನ್ದೂ ಇಬ್ರ ಹೆಸ್ರೂ ಐತೆ" ಎಂದೆ.

ಅವರು ಎರಡು ಸಲ ಓದಿದರು. ಕಾಗದ ಮಡಿಸಿ ಡ್ರಾಯರಿಗೆ ಹಾಕಿ ಬೀಗ ಹಾಕಿದರು. ಅದು ಎಲ್ಲಿಗೂ ಹೋಗಲಿಲ್ಲ. "ಹದಿನೈದು ದಿನದಲ್ಲಿ ಬಸ್ಸು ರೆಡಿಯಾಗ್ಬೇಕು. ಸಾಬ್ರೇ ಓಡಿಸ್ಲಿ" ಎಂದಷ್ಟೇ ಹೇಳಿದರು. ತಪ್ಪಾಯಿತು ಎಂಬ ಮಾತು ಅವರ ಬಾಯಿಂದ ಕೊನೆಗೂ ಬರಲಿಲ್ಲ.

ಹೊರಗೆ ಬಂದ ಮೇಲೆ ಖಾದರ್ ಸಾಬ್ ನನ್ನ ಕೈ ಹಿಡಿದುಕೊಂಡ. ಕೃತಜ್ಞತೆಯ ಮಾತು ಬರಬಹುದೆಂದು ನಾನು ಕಾದೆ. ಅವನು ಕೇಳಿದ್ದು ಬೇರೆ: "ಬಿಚ್ಚೋ ದಿನಾನೇ ಇದನ್ನ ಯಾಕೆ ಹೇಳಲಿಲ್ಲ ಮೇಸ್ತ್ರಿ?"

ಮಾಲೀಕರ ಮೇಲೆ ನನಗಿದ್ದ ಸಿಟ್ಟೆಲ್ಲ ಆ ಒಂದು ಮಾತಿಗೆ ನನ್ನ ಕಡೆಗೇ ತಿರುಗಿತು. ನೇರ ವರ್ಕ್‌ಶಾಪಿಗೆ ಹೋಗಿ, ಗುಜರಿ ಮೂಲೆಯಲ್ಲಿ ಬಿದ್ದಿದ್ದ ಜರಡಿಯನ್ನು ಹುಡುಕಿ ತೆಗೆದು, ಧೂಳು ಕೊಡವಿದೆ. ಬಸ್ಸು ಸಿದ್ಧವಾದ ದಿನ ಯಾರ ಅಪ್ಪಣೆಯನ್ನೂ ಕೇಳದೆ ಮತ್ತೆ ಸಿಕ್ಕಿಸಿದೆ. ಆಮೇಲೆ ಮೂವತ್ತು ವರ್ಷ ನಾನು ಮೆಕ್ಯಾನಿಕ್ ಕೆಲಸವನ್ನೇ ಮಾಡಿದೆ. ಅಪ್ಪಣೆ ಯಾರದೇ ಇರಲಿ, ಸ್ಪ್ಯಾನರ್ ಹಿಡಿದ ಕೈ ನನ್ನದು ಎಂಬುದನ್ನು ಮತ್ತೆ ಮರೆಯಲಿಲ್ಲ.