ಕಣ್ಣು ಮುಚ್ಚಿ ಕಲಿಸಿದ ವಾಸುದೇವ ಮಾಸ್ಟ್ರು

ವಾಸುದೇವ ಮಾಸ್ಟ್ರು ಮಕ್ಕಳ ಓದನ್ನು ಕಣ್ಣು ಮುಚ್ಚಿ ಕೇಳುತ್ತಿದ್ದರು. ಕುರ್ಚಿಗೆ ಒರಗಿ, ಗಲ್ಲ ಮೇಲೆತ್ತಿ, ಚಪ್ಪಲಿಯಿಂದ ನೆಲಕ್ಕೆ ತಾಳ ತಟ್ಟುತ್ತ. ಒಂದು, ಎರಡು, ಮೂರನೇ ತರಗತಿ ಒಂದೇ ಕೋಣೆಯಲ್ಲಿ. ಎದುರು ಬೆಂಚಿನ ನಾಲ್ಕು ಮಂದಿ ಪಾಠ ಎತ್ತಿಕೊಟ್ಟರೆ ಉಳಿದವರು ಭಜನೆಯ ಹಾಗೆ ಹಿಂದಿನಿಂದ ಹಾಡುವುದು. ಹೊಸದಾಗಿ ಬಂದ ಮಗುವಿಗೆ ಅವರು ಮೊದಲು ಕಲಿಸುತ್ತಿದ್ದುದು ಅಕ್ಷರವನ್ನಲ್ಲ. "ಬಾರದಿದ್ದರೆ ಬಾಯಿ ಆಡಿಸು. ಸುಮ್ಮನೆ ಕೂರಬೇಡ."

ಸಂತೆಕಟ್ಟೆಯಿಂದ ಸ್ವಲ್ಪ ಒಳಗಿರುವ ಆ ಶಾಲೆಗೆ ನಾನು ಅತಿಥಿ ಶಿಕ್ಷಕಿಯಾಗಿ ಸೇರಿದಾಗ ಊರಿಗೆ ಊರೇ ಅವರನ್ನು ಹೊಗಳುತ್ತಿತ್ತು. ಮಾಸ್ಟ್ರ ಮಕ್ಕಳು ಪುಟಗಟ್ಟಲೆ ಓದುತ್ತಾರಂತೆ. ಒಂದು ವಾರದಲ್ಲಿ ನನಗೆ ಗೊತ್ತಾಯಿತು, ಆ ಪುಟಗಳೆಲ್ಲ ಬಾಯಿಪಾಠ. ನಾನು ಬೆಳ್ಮಣ್ಣಿನವಳು. ಅಮ್ಮ ಬೀಡಿ ಕಟ್ಟಿ ಓದಿಸಿದವಳು. ನಮ್ಮ ಮನೆಯಲ್ಲಿ ಡಿಗ್ರಿ ಅಂತ ಇರುವುದು ನನಗೊಬ್ಬಳಿಗೇ. ಒಂದೊಂದು ಅಕ್ಷರಕ್ಕೂ ಬೆವರು ಹರಿಸಿದವರಿಗೆ ಇಂಥ ಮೋಸ ಬೇಗ ಕಾಣುತ್ತದೆ.

ತಡೆಯಲಾಗದೆ ಐದಾರು ಮಕ್ಕಳನ್ನು ಜಗಲಿಗೆ ಕರೆದುಕೊಂಡು ಹೋದೆ. ಒಬ್ಬನಿಗೆ ಅಕ್ಷರ ಗೊತ್ತು, ಕೂಡಿಸಲು ಬಾರದು. ಒಬ್ಬಳಿಗೆ ತನ್ನ ಹೆಸರಿನ ಅಕ್ಷರಗಳು ಮಾತ್ರ ಗೊತ್ತು. ರಟ್ಟು ಕತ್ತರಿಸಿ ಅಕ್ಷರ ಬರೆದು, ಯಾರಿಗೆ ಎಲ್ಲಿಂದ ಬೇಕೋ ಅಲ್ಲಿಂದ ಶುರು ಮಾಡಿದೆ. ಮಾಸ್ಟ್ರು ಬಾಗಿಲಿಗೆ ಬಂದು ನಿಂತರು.

"ಎಂತ ಟೀಚರ್, ಆಸ್ಪತ್ರೆಯಲ್ಲಿ ಜಾಗ ಇಲ್ಲದೆ ರೋಗಿಗಳನ್ನು ಹೊರಗೆ ಮಲಗಿಸಿದ ಹಾಗೆ ಉಂಟಲ್ಲ. ದಾರಿಯಲ್ಲಿ ಹೋಗುವವರು ಎಂತ ಹೇಳಿಯಾರು? ಒಳಗೆ ಕೂರಿಸಿ. ಒಳಗೆ ಕೂತರೆ ಎಲ್ಲರೂ ಜಾಣರೇ."

ಈ ಮನುಷ್ಯನ ಶಿಕ್ಷಣಶಾಸ್ತ್ರ ಪೂರ್ತಿ ಆ ಕೊನೆಯ ಮಾತಿನಲ್ಲಿತ್ತು.

ಅವರ ನಿವೃತ್ತಿಯ ಸಮಾರಂಭಕ್ಕೆ ಸನ್ಮಾನ ಪತ್ರ ಬೇಕಾಯಿತು. ನಮ್ಮ ಕಡೆ ಶಾಲು, ಹಣ್ಣಿನ ಬುಟ್ಟಿ, ಚೌಕಟ್ಟು ಹಾಕಿದ ಪತ್ರ ಇಲ್ಲದೆ ಯಾರನ್ನೂ ಮನೆಗೆ ಕಳಿಸುವ ಕ್ರಮವಿಲ್ಲ. ಬೇರೆಯವರು ಬರೆದರೆ ವಿಷಯ ಬಿಟ್ಟುಹೋಗುತ್ತದೆ ಎಂದು ಮಾಸ್ಟ್ರು ತಾವೇ ಬರೆದುಕೊಂಡರು. ಓದಲು ಎದುರು ಬೆಂಚಿನ ದೀಕ್ಷಾ. ಮೂರನೇ ತರಗತಿ, ಗಂಟೆಯಂಥ ಸ್ವರ. ದಿನಾ ಸಂಜೆ ಅವಳನ್ನು ನಿಲ್ಲಿಸಿ ತಮ್ಮ ಹೊಗಳಿಕೆಯನ್ನು ಬಾಯಿಪಾಠ ಮಾಡಿಸಿದರು.

ಅಚ್ಚಿಗೆ ಕೊಡುವಾಗ ಹಳೆ ವಿದ್ಯಾರ್ಥಿ ಸಂಘದವರು ನಡುವೆ ಒಂದು ಸಾಲು ಸೇರಿಸಿದ್ದರು, ಮಾಸ್ಟ್ರ ಕಾಲದಲ್ಲಿ ಶಾಲೆಯ ಮಾಡಿಗೆ ಹೊಸ ಹೆಂಚು ಹೊದಿಸಿಕೊಟ್ಟ ದುಬೈಯ ದಾನಿಯ ಬಗ್ಗೆ. ದಾನಿ ವೇದಿಕೆಯಲ್ಲೇ ಕೂತಿದ್ದರು. ದೀಕ್ಷಾ ಪತ್ರ ಹಿಡಿದು ಪಟಪಟ ಹೇಳುತ್ತ ಆ ಸಾಲನ್ನು ದಾಟಿಬಿಟ್ಟಳು. ಸಂಘದ ಕಾರ್ಯದರ್ಶಿ ತಡೆದು, ಚೌಕಟ್ಟಿನ ಮೇಲೆ ಬೆರಳಿಟ್ಟು ಹೇಳಿದರು: "ಮಗಾ, ಇದೊಂದು ಸಾಲು ಬಿಟ್ಟೆ. ಇಲ್ಲಿಂದ ಓದು."

ಅವಳು ಬೆರಳನ್ನು ನೋಡಿದಳು. ಮತ್ತೆ ಮೊದಲಿನಿಂದ ಶುರು ಮಾಡಿದಳು. ಮತ್ತೆ ದಾಟಿದಳು. ಜನ ನಕ್ಕರು. ಮೂರನೇ ಸಲ ಬಾಯಿಯೇ ತೆರೆಯಲಿಲ್ಲ. ಬಾಯಿ ಆಡಿಸಲೂ ಇಲ್ಲ.

ಮಾಸ್ಟ್ರು ಎದ್ದು ಬಂದರು. "ಮೈಕ್ ನೋಡಿ ಗಾಬರಿ, ಪಾಪ," ಎಂದು ಮಗುವಿನ ಕೈಯಿಂದ ಪತ್ರ ತೆಗೆದುಕೊಂಡರು. ಆಮೇಲೆ, ನಾಚಿಕೆ ಎಂಬುದು ಹತ್ತಿರ ಸುಳಿಯದೆ, 'ಸಹಸ್ರಾರು ಕಂದಮ್ಮಗಳಿಗೆ ಅಕ್ಷರದ ಬೆಳಕು ತೋರಿದ ಪುಣ್ಯಪುರುಷರೇ' ಎಂದು ತಮಗೆ ತಾವೇ ಓದಿಕೊಂಡು, ದಾನಿಯ ಸಾಲನ್ನು ಎರಡು ಸಲ ಓದಿ, ಶಾಲಿಗೆ ಹೆಗಲು ಕೊಟ್ಟರು. ಜನ ಚಪ್ಪಾಳೆ ತಟ್ಟಿದರು.

ಮರುದಿನ ದೀಕ್ಷಾಳ ಅಮ್ಮ ಬಂದಳು. ಮಣಿಪಾಲದ ಹಾಸ್ಟೆಲೊಂದರಲ್ಲಿ ಕಸ ಗುಡಿಸುವವಳು. ಸುತ್ತುಬಳಸಲಿಲ್ಲ. "ಇವಳಿಗೆ ಓದಲಿಕ್ಕೆ ಬರುವುದೇ ಇಲ್ವಾ, ಟೀಚರ್?"

ಬರುವುದಿಲ್ಲ, ಆದರೆ ಬುದ್ಧಿಗೆ ಎಂತದೂ ಆಗಿಲ್ಲ, ಕಲಿಸಬಹುದು ಎಂದೆ.

"ಮೂರು ವರ್ಷ ಜಾಣೆ ಜಾಣೆ ಅಂತ ಹೇಳಿದ್ರಲ್ಲ," ಎಂದಳು.

ಜೂನ್‌ನಲ್ಲಿ ದೀಕ್ಷಾ ನಾಲ್ಕನೆಯದಕ್ಕೆ ಹೋದಳು, ಆದರೆ ದಿನಾ ಒಂದು ಗಂಟೆ ನನ್ನ ಜಗಲಿಗೆ. ಒಂದನೇ ತರಗತಿಯ ಚಿಳ್ಳೆಗಳ ಪಕ್ಕ ಕೂರುವ ಅವಮಾನಕ್ಕೆ ಮೊದಮೊದಲು ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು. ಬಾಯಿಪಾಠವನ್ನು ಮರೆಸುವುದು ಅಕ್ಷರ ಕಲಿಸುವುದಕ್ಕಿಂತ ಕಷ್ಟ. ಮೊದಲ ಪದ ಕಂಡರೆ ಸಾಕು, ನಾಲಗೆ ಪುಟದ ಕೊನೆಗೆ ಓಡುತ್ತಿತ್ತು. ದೀಪಾವಳಿ ಕಳೆಯುವ ಹೊತ್ತಿಗೆ ಬೆರಳೂ ನಾಲಗೆಯೂ ಒಟ್ಟಿಗೆ ನಡೆಯತೊಡಗಿದವು.

ಮಾಸ್ಟ್ರನ್ನು ನಾನು ಕೊನೆಯದಾಗಿ ಕಂಡದ್ದು ಆಗಲೇ. ಕಾರ್ಕಳದಲ್ಲಿ ಕಟ್ಟಿಸಿದ ಹೊಸ ಮನೆಯ ಪ್ರವೇಶಕ್ಕೆ ಕರೆಯಲು ಬಂದಿದ್ದರು. ಜಗಲಿಯಲ್ಲಿ ಬೆರಳಿಟ್ಟು ತಡವರಿಸುತ್ತಿದ್ದ ದೀಕ್ಷಾಳನ್ನು ನೋಡಿ ಮರುಕಪಟ್ಟರು. "ಇದೆಂತ ಟೀಚರ್? ಹರಿಯುವ ನೀರಿನ ಹಾಗೆ ಓದುತ್ತಿದ್ದ ಮಗು. ಹಾಳು ಮಾಡಿದಿರಲ್ಲ. ಓದು ಮಗಾ, ನಾನು ಕಲಿಸಿದ ಹಾಗೆ."

ದೀಕ್ಷಾ ಎದ್ದು ನಿಂತಳು. ಪುಸ್ತಕ ಮುಚ್ಚಿ, ಕೈ ಕಟ್ಟಿ, ಹೋದ ವರ್ಷದ ಪಾಠವೊಂದನ್ನು ತಡೆಯಿಲ್ಲದೆ ಹೇಳಿದಳು. ಮಾಸ್ಟ್ರು ಕಣ್ಣು ಮುಚ್ಚಿ ಕೇಳಿ, ತಲೆ ಸವರಿ, "ನೋಡಿದಿರಾ?" ಎಂದು ನನ್ನತ್ತ ಒಂದು ನಗು ಎಸೆದು ಬಸ್ಸಿಗೆ ಹೊರಟರು.

ಗೇಟಿನ ಸದ್ದಾಗುವವರೆಗೆ ಅವಳು ಕೈ ಕಟ್ಟಿಯೇ ನಿಂತಿದ್ದಳು.

"ಹೋದ್ರಾ, ಟೀಚರ್?"

"ಹೋದರು."

"ಅವರಿಗೆ ಅಷ್ಟೇ ಸಾಕು," ಎಂದು ಕೂತಳು. ಪುಸ್ತಕ ತೆರೆದು, ಪುಟ ಹುಡುಕಿ, ನಿಲ್ಲಿಸಿದ್ದ ಪದದ ಮೇಲೆ ಬೆರಳಿಟ್ಟಳು.